ಮೈಸೂರು ಪಾಕಿನ ಹುಟ್ಟಿಗೆ ಸಾಕ್ಷಿ ಎಲ್ಲಿದೆ?

2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಗಳು ‘ಮೈಸೂರು ಪಾಕ್’ ಹೆಸರನ್ನು ‘ಮೈಸೂರು ಶ್ರೀ’ ಎಂದು ಬದಲಿಸಿದವು. ಪಾಕಿಸ್ತಾನದ ಜೊತೆಗಿನ ಸಂಘರ್ಷದ ಬಿಸಿ ಆಗಿನ್ನೂ ಆರಿರಲಿಲ್ಲ. ಮೋತಿ ಪಾಕಿಗೂ ಅದೇ ಗತಿಯಾಯಿತು. ಇದಕ್ಕೂ ಮುಂಚೆ, 2019ರ ಸೆಪ್ಟೆಂಬರಿನಲ್ಲಿ, ಮೈಸೂರು ಪಾಕಿನ ಭೌಗೋಳಿಕ ಸೂಚಕ, ಅಂದರೆ ಪದಾರ್ಥದ ಹೆಸರನ್ನು ಅದರ ಮೂಲ ಪ್ರದೇಶದ ತಯಾರಕರಿಗೇ ಮೀಸಲಿಡುವ ಜಿಐ ಮಾನ್ಯತೆ, ತಮಿಳುನಾಡಿಗೆ ಸಿಕ್ಕಿತೆಂಬ ಸುದ್ದಿ ಹಬ್ಬಿತ್ತು. ತಮಾಷೆಗೆ ಹಾಕಿದ ಒಂದು ಟ್ವೀಟನ್ನು ಜನ ನಿಜವೆಂದೇ ನಂಬಿದ್ದರು. ಎರಡು ಸಲವೂ ಮೈಸೂರಿನವರು ‘ಇದು ನಮ್ಮದು, ಹೆಸರು ಮುಟ್ಟಬೇಡಿ’ ಎಂದು ಸಿಡಿದೆದ್ದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ನಾಳೆ ಯಾರಾದರೂ ‘ನಿಮ್ಮದೆನ್ನಲು ದಾಖಲೆ ತೋರಿಸಿ’ ಎಂದರೆ ನಮ್ಮ ಕೈಯಲ್ಲಿ ಏನಿದೆ?

ಪಾಕ್ ಎಂಬುದರ ಗೊಂದಲವನ್ನು ಮೊದಲು ಮುಗಿಸಿಬಿಡೋಣ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸರ ಊರೆಂದು ಎಲ್ಲರಿಗೂ ಗೊತ್ತು. ಅದೇ ಕಲ್ಲಹಳ್ಳಿಯನ್ನು ಆಳಿದ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಎಂಬ ಅಡುಗೆಯ ಗ್ರಂಥವನ್ನು ಕನ್ನಡ ಷಟ್ಪದಿಯಲ್ಲಿ ಬರೆದ. ಅದರ ಅಧ್ಯಾಯಗಳ ಹೆಸರೇ ಪಿಷ್ಟಪಾಕ, ಕಳಮಾನ್ನಪಾಕ, ಶಾಕಪಾಕ: ಹಿಟ್ಟಿನ ಅಡುಗೆ, ಅನ್ನದ ಅಡುಗೆ, ತರಕಾರಿಯ ಅಡುಗೆ. ಪಾಕ ಎಂದರೆ ಬೇಯಿಸಿ ಹದಕ್ಕೆ ತಂದದ್ದು. ಸಕ್ಕರೆ ಪಾಕ ಎನ್ನುವಾಗ ಆ ಅರ್ಥ ಕುದಿಸಿದ ಸಕ್ಕರೆ ನೀರಿಗೆ ಸೀಮಿತವಾಯಿತು. ‘ಪಾಕಿಸ್ತಾನ’ ಎಂಬ ಹೆಸರು ಮೊದಲು ಅಚ್ಚಿನಲ್ಲಿ ಕಂಡದ್ದು 1933ರಲ್ಲಿ. ಮೈಸೂರು ಜಿಲ್ಲೆಯಲ್ಲೇ ಬರೆದ ಗ್ರಂಥವೊಂದು ಅದಕ್ಕಿಂತ 400 ವರ್ಷ ಮೊದಲೇ ಆ ಮಾತನ್ನು ಅಡುಗೆಗೆ ಬಳಸಿತ್ತು. ಹೆಸರಿನ ಮಟ್ಟಿಗೆ ಇಷ್ಟು ಸಾಕು.

ತಿನಿಸಿನ ಹುಟ್ಟನ್ನು ಸಾಬೀತು ಮಾಡುವುದು ಇಷ್ಟು ಸುಲಭವಲ್ಲ. ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ಆಗಿ, 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅರ್ಜಿ ಹೋಗುವುದು ಚೆನ್ನೈನ ನೋಂದಣಿ ಕಚೇರಿಗೆ. ಒಬ್ಬ ವ್ಯಾಪಾರಿ ತನ್ನ ಹೆಸರಿನಲ್ಲಿ ಅರ್ಜಿ ಹಾಕುವಂತಿಲ್ಲ. ತಯಾರಕರ ಸಂಘವೋ, ಅವರ ಹಿತ ಕಾಯುವ ಸಂಸ್ಥೆಯೋ, ಸರ್ಕಾರಿ ಪ್ರಾಧಿಕಾರವೋ ಹಾಕಬೇಕು. ಅರ್ಜಿಯಲ್ಲಿ ಪದಾರ್ಥದ ವಿವರ, ಅದು ಸಲ್ಲುವ ಪ್ರದೇಶದ ನಕ್ಷೆ, ತಯಾರಿಕೆಯ ಕ್ರಮ, ಆ ಊರಿಗೂ ಪದಾರ್ಥಕ್ಕೂ ಇರುವ ನಂಟು, ಮೂಲದ ಪುರಾವೆ, ಗುಣಮಟ್ಟ ತಪಾಸಣೆಯ ಏರ್ಪಾಡು ಎಲ್ಲ ಇರಬೇಕು. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಧಾರವಾಡ ಪೇಡೆ ಈ ದಾರಿಯಲ್ಲೇ ಮಾನ್ಯತೆ ಪಡೆಯಿತು.

ಮೈಸೂರು ಪಾಕಿಗೆ ದೊಡ್ಡ ತೊಡಕು ಕಾಯ್ದೆಯ 9ನೇ ಕಲಮಿನಲ್ಲಿದೆ. ಊರಿನ ಹೆಸರು ತನ್ನ ಮೂಲ ಅರ್ಥ ಕಳೆದುಕೊಂಡು ಒಂದು ಬಗೆಯ ಪದಾರ್ಥಕ್ಕೇ ಸಾಮಾನ್ಯ ಹೆಸರಾಗಿದ್ದರೆ ನೋಂದಣಿ ಸಿಗುವುದಿಲ್ಲ. ಚೆನ್ನೈ, ಮುಂಬೈ, ಜೈಪುರಗಳಲ್ಲಿ ಅಲ್ಲಲ್ಲಿನವರೇ ದಶಕಗಳಿಂದ ಮೈಸೂರು ಪಾಕ್ ಮಾಡಿ ಅದೇ ಹೆಸರಿನಲ್ಲಿ ಮಾರುತ್ತಿದ್ದಾರೆ. ಹಾಗಾಗಿ ವಾದ ಗೆಲ್ಲಬೇಕಾದರೆ ‘ಮೈಸೂರಿನಲ್ಲಿ ಮಾಡುವುದು ಇಂಥದ್ದು, ಬೇರೆಡೆಯದು ಬೇರೆ’ ಎಂದು ಹದ, ಅಳತೆ, ರೂಪದ ಆಧಾರದಲ್ಲಿ ತೋರಿಸಬೇಕಾಗುತ್ತದೆ. ರಸಗುಲ್ಲಾ ವಿಷಯದಲ್ಲಿ ಆದದ್ದು ಇದೇ. 2017ರ ನವೆಂಬರಿನಲ್ಲಿ ‘ಬಾಂಗ್ಲಾರ್ ರೊಸೊಗೊಲ್ಲಾ’ಗೆ ಮಾನ್ಯತೆ ಸಿಕ್ಕಿತು. ಒಡಿಶಾದವರು ಸುಮ್ಮನಾಗಲಿಲ್ಲ. 15ನೇ ಶತಮಾನದ ಬಲರಾಮದಾಸನ ರಾಮಾಯಣದಲ್ಲಿ ಬರುವ ಉಲ್ಲೇಖವನ್ನೂ ಪುರಿ ಜಗನ್ನಾಥನ ಸೇವೆಯ ಸಂಪ್ರದಾಯವನ್ನೂ ಮುಂದಿಟ್ಟರು. 2019ರ ಜುಲೈನಲ್ಲಿ ‘ಒಡಿಶಾ ರಸಗೋಲಾ’ಗೂ ಪ್ರತ್ಯೇಕ ಮಾನ್ಯತೆ ದಕ್ಕಿತು. ಬಣ್ಣ, ಮೃದುತ್ವ, ಸಿಹಿಯ ಮಟ್ಟ ಬೇರೆಬೇರೆ ಎಂದು ತೋರಿಸಿದ್ದರಿಂದಲೇ ಎರಡೂ ನಿಂತವು. ಹಳೆಯ ಕಾವ್ಯದ ಒಂದು ಸಾಲೂ ಬೇಕಾಯಿತು, ಇವತ್ತಿನ ಬಾಣಲೆಯ ವಿವರವೂ ಬೇಕಾಯಿತು.

ಹಳೆಯ ಗ್ರಂಥ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಡುಗೆಯ ಗ್ರಂಥಗಳ ವಿಷಯದಲ್ಲಿ ಕನ್ನಡ ಬಡವಾಗಿಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ 1025ರ ಹೊತ್ತಿನದು. ಅದರಲ್ಲಿ ಸೂಪಶಾಸ್ತ್ರಕ್ಕೇ ಒಂದು ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ದೋಸಕ, ವಟಕ, ಪೂರಿಕಾ, ಇಡ್ಡರಿಕಾ ಎಲ್ಲ ಬರುತ್ತವೆ. ಇವುಗಳನ್ನು ನೋಡಿ ‘ಇಡ್ಲಿ ಸಾವಿರ ವರ್ಷದಿಂದ ನಮ್ಮದು’ ಎಂದು ಘೋಷಿಸುವ ಬರಹಗಳು ವರ್ಷಕ್ಕೊಮ್ಮೆಯಾದರೂ ಹರಿದಾಡುತ್ತವೆ.

ಪಾಠವನ್ನೇ ಓದಿದರೆ ಚಿತ್ರ ಬದಲಾಗುತ್ತದೆ. 10ನೇ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರಿದೆ, ಮಾಡುವ ಬಗೆಯಿಲ್ಲ. ಲೋಕೋಪಕಾರದ ಇಡ್ಡಲಿಗೆಯಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯ ಜೊತೆ ಕಲೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕುತ್ತಾರೆ. ಅಕ್ಕಿಯಿಲ್ಲ. ರಾತ್ರಿಯಿಡೀ ಹುದುಗಿಸುವ ಮಾತಿಲ್ಲ. ಹಬೆಯಲ್ಲಿ ಬೇಯಿಸುವ ಮಾತೂ ಇಲ್ಲ. ಇವತ್ತು ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿತರಿ ಹಾಕಿ, ಎಂಟು ಹತ್ತು ಗಂಟೆ ಹುದುಗಿಸಿ, ಹಬೆಯಲ್ಲಿ ಬೇಯಿಸುವ ಇಡ್ಲಿಗೆ ಇದನ್ನು ದೂರದ ಪೂರ್ವಜ ಎನ್ನಬಹುದು, ಅಷ್ಟೇ. ಹೆಸರು ಒಂದು ದಾರಿ ಹಿಡಿದು ಬಂದಿದೆ, ತಿನಿಸು ಇನ್ನೊಂದು ದಾರಿಯಲ್ಲಿ ಬೆಳೆದಿದೆ. ಹಳೆಯ ಪುಸ್ತಕ ಓದುವವರು ಮೊದಲು ಕಲಿಯಬೇಕಾದ ಎಚ್ಚರ ಇದು.

ಕಾಲ ನಿರ್ಣಯಕ್ಕೆ ಹೆಸರಿಗಿಂತ ಸಾಮಗ್ರಿಯೇ ಗಟ್ಟಿ ಸಾಕ್ಷಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಗೋಡಂಬಿ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗು ಬರುವ ಮೊದಲು ಇಲ್ಲಿರಲಿಲ್ಲ. ವಾಸ್ಕೋ ಡ ಗಾಮ ಬಂದದ್ದು 1498, ಗೋವೆ ಪೋರ್ಚುಗೀಸರ ಕೈಗೆ ಹೋದದ್ದು 1510. ಮಂಗರಸ ಬರೆದದ್ದು ಸರಿಯಾಗಿ ಈ ಹೊಸ್ತಿಲಲ್ಲಿ. ಅವನ ಅಡುಗೆಮನೆಯಲ್ಲಿ ಖಾರ ಎಂದರೆ ಕಾಳುಮೆಣಸು. ಬದನೆ, ಬಾಳೆ, ಹಲಸುಗಳಿಗೆ ಅವನು ಬಗೆಬಗೆಯ ಅಡುಗೆ ಹೇಳುತ್ತಾನೆ. ಇವು ಈ ನೆಲದಲ್ಲಿ ಮೊದಲಿಂದಲೂ ಇದ್ದ ತರಕಾರಿಗಳು. ಹಾಗಾಗಿ ಆಲೂಗಡ್ಡೆ ಪಲ್ಯ ಒಳಗಿಟ್ಟು, ಒಣಮೆಣಸಿನಕಾಯಿ ಬೆಳ್ಳುಳ್ಳಿಯ ಕೆಂಪು ಚಟ್ನಿ ಸವರಿದ ಮಸಾಲೆ ದೋಸೆಯನ್ನು ಸೋಮೇಶ್ವರನ ದೋಸಕಕ್ಕೆ ನೇರ ಗಂಟು ಹಾಕಲಾಗದು. ಬಿಸಿಬೇಳೆಬಾತು ಅರಮನೆಯ ಅಡುಗೆಯೆಂಬ ಮಾತಿದೆ. ‘ಬಾತ್’ ಮರಾಠಿಯಿಂದ ಬಂದದ್ದು, ಮರಾಠಿ ಮೊಗ್ಗೂ ಪುಡಿಯಲ್ಲಿ ಬೀಳುತ್ತದೆ. ಒಣಮೆಣಸಿನಕಾಯಿ ಇರುವುದರಿಂದ ಅದರ ಈಗಿನ ರೂಪ 16ನೇ ಶತಮಾನಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಸಾಮಗ್ರಿ ಇಷ್ಟನ್ನು ಖಚಿತವಾಗಿ ಹೇಳುತ್ತದೆ.

ಬಾಣಲೆಯಲ್ಲಿರುವ ಸಾಕ್ಷಿ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಹೊಸ ಸಿಹಿ ಮಾಡಿದರು. ದೊರೆ ಹೆಸರು ಕೇಳಿದಾಗ ‘ಮೈಸೂರು ಪಾಕ’ ಎಂದರು ಎಂಬುದು ವಂಶದವರು ಹೇಳಿಕೊಂಡು ಬಂದ ಸಂಗತಿ. ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡಿರುವ ಗುರು ಸ್ವೀಟ್ ಮಾರ್ಟ್ ಇಂದಿಗೂ ಅವರ ವಂಶಸ್ಥರದೇ. ಬಾಯಿಮಾತಿನ ಪರಂಪರೆಯನ್ನು ಹಗುರವಾಗಿ ಕಾಣಬಾರದು. ಕುಟುಂಬ, ಕಸುಬು, ಅಂಗಡಿ ಮೂರೂ ಒಂದೇ ಊರಿನಲ್ಲಿ ತಲೆಮಾರುಗಳ ಕಾಲ ಮುಂದುವರಿದಿರುವುದು ಬಹಳ ತಿನಿಸುಗಳಿಗೆ ಇಲ್ಲದ ಭಾಗ್ಯ.

ಆದರೆ ಮೂರೇ ಸಾಮಗ್ರಿಯ ಸಿಹಿಗೆ ಸಾಮಗ್ರಿಯ ಪಟ್ಟಿ ಗುರುತಾಗದು. ಗುಜರಾತ್, ರಾಜಸ್ಥಾನಗಳ ಮೋಹನ್‌ಥಾಳದಲ್ಲೂ ಇರುವುದು ಕಡಲೆಹಿಟ್ಟು, ತುಪ್ಪ, ಸಕ್ಕರೆಯೇ. ಅಲ್ಲಿ ದಪ್ಪ ಹಿಟ್ಟಿಗೆ ಹಾಲು ತುಪ್ಪ ಉಜ್ಜಿ, ಜರಡಿ ಹಿಡಿದು, ಹಿಟ್ಟನ್ನು ತುಪ್ಪದಲ್ಲಿ ಕೆಂಪಗೆ ಹುರಿದ ಮೇಲೆ ಪಾಕ ಸೇರಿಸುತ್ತಾರೆ. ಮೈಸೂರು ಪಾಕಿನಲ್ಲಿ ಕ್ರಮ ತಿರುಗುಮುರುಗು: ಪಾಕ ಮೊದಲು, ಅದರೊಳಗೆ ಹಿಟ್ಟು, ಆಮೇಲೆ ಕಾದ ತುಪ್ಪ. ಇದರ ಸ್ವಂತಿಕೆ ಇರುವುದು ಈ ಕ್ರಮದಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡಬೇಕು.

ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡರಿಂದ ಎರಡೂವರೆ ಲೋಟ ತುಪ್ಪ, ಮುಕ್ಕಾಲು ಲೋಟ ನೀರು. ಹಿಟ್ಟನ್ನು ಜರಡಿ ಹಿಡಿದು, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಬೆಚ್ಚಗೆ ಮಾಡಿಕೊಳ್ಳಬೇಕು, ಬಣ್ಣ ಬದಲಾಗಬಾರದು. ದಪ್ಪ ತಳದ ಬಾಣಲೆಯಲ್ಲಿ ಸಕ್ಕರೆ ನೀರು ಕುದಿಸಿ ಒಂದೆಳೆ ಪಾಕಕ್ಕೆ ತರಬೇಕು. ಥರ್ಮಾಮೀಟರ್ ಇದ್ದರೆ 105 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಪಕ್ಕದ ಒಲೆಯಲ್ಲಿ ತುಪ್ಪ ಕಾಯುತ್ತಲೇ ಇರಬೇಕು. ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಗಂಟಾಗದಂತೆ ಕೈಯಾಡಿಸಿ, ಬಳಿಕ ಒಂದೊಂದೇ ಸೌಟು ಕಾದ ತುಪ್ಪ ಹಾಕಬೇಕು. ಪ್ರತಿ ಸೌಟಿಗೂ ಜುಯ್ ಎಂಬ ಸದ್ದು, ನೊರೆ. ಪಾಕದಲ್ಲಿ ಉಳಿದ ನೀರು ತುಪ್ಪದ ಕಾವಿಗೆ ಒಮ್ಮೆಲೇ ಆವಿಯಾಗಿ ಹೊರಬರುವಾಗ ಬಿಟ್ಟ ದಾರಿಗಳೇ ಮೈಸೂರು ಪಾಕಿನ ತೂತುಗಳು. ತುಪ್ಪ ಆರಿದ್ದರೆ ಆವಿ ಹುಟ್ಟುವುದಿಲ್ಲ, ತೂತು ಬೀಳುವುದಿಲ್ಲ, ಹಿಟ್ಟು ಜಿಡ್ಡು ಕುಡಿದು ಹಲ್ವದಂತೆ ಕೂರುತ್ತದೆ.

ಮಿಶ್ರಣ ತಳ ಬಿಟ್ಟು, ಮೇಲೆಲ್ಲ ಜಾಲರಿಯಂತೆ ನೊರೆ ಬಂದು, ಅಂಚಿನಲ್ಲಿ ತುಪ್ಪ ಬಿಡತೊಡಗಿದಾಗ ಇಳಿಸಬೇಕು. ಅರ್ಧ ನಿಮಿಷ ಮುಂಚೆ ಇಳಿಸಿದರೆ ಮೆತ್ತಗಾಗುತ್ತದೆ, ತಡವಾದರೆ ಪುಡಿಪುಡಿ. ಪಾಕವೇ ಎರಡೆಳೆ ದಾಟಿದ್ದರೆ ಎಷ್ಟು ಎಚ್ಚರ ವಹಿಸಿದರೂ ಹಲ್ಲಿಗೆ ಕಲ್ಲು. ಆಳವಾದ ತಟ್ಟೆಗೆ ಸುರಿದು, ಮೇಲ್ಭಾಗವನ್ನು ಒತ್ತದೆ ಬಿಡಬೇಕು, ಒತ್ತಿದರೆ ತೂತು ಮುಚ್ಚಿಹೋಗುತ್ತದೆ. ಆಳವಾದ ತಟ್ಟೆಯ ನಡುಭಾಗದಲ್ಲಿ ಕಾವು ಬೇಗ ಇಳಿಯದೆ ಹಿಟ್ಟು ಇನ್ನೂ ಹುರಿಯುತ್ತಲೇ ಇರುತ್ತದೆ. ಮೇಲೆ ಕೆಳಗೆ ತಿಳಿಹಳದಿ, ನಡುವೆ ಕಂದು ಪಟ್ಟೆ ಬರುವುದು ಇದರಿಂದ. ತೆಳುವಾದ ಅಗಲ ತಟ್ಟೆಯಲ್ಲಿ ಆ ಪಟ್ಟೆ ಸಿಗುವುದಿಲ್ಲ. ತಟ್ಟೆಯನ್ನು ಸ್ವಲ್ಪ ಓರೆ ಇಟ್ಟರೆ ಹೆಚ್ಚಿನ ತುಪ್ಪ ಒಂದು ಬದಿಗೆ ಇಳಿಯುತ್ತದೆ. ಬಿಸಿ ಇರುವಾಗಲೇ ಚಾಕುವಿನ ಗೆರೆ ಹಾಕಬೇಕು, ಆರಿದ ಮೇಲೆ ಕೊಯ್ದರೆ ಒಡೆಯುತ್ತದೆ.

ಈಗ ಪೇಟೆಯಲ್ಲಿ ಬೇರೆಯದೇ ಒಂದು ಮೈಸೂರು ಪಾಕ್ ಇದೆ. ತೂತಿಲ್ಲದ, ಬಾಯಲ್ಲಿಟ್ಟರೆ ಕರಗುವ, ತುಪ್ಪ ಜಿನುಗುವ ಮೃದು ಬಗೆ. ಕೊಯಮತ್ತೂರಿನ ಕಡೆ ‘ಮೈಸೂರ್ಪಾ’ ಎಂಬ ಹೆಸರಿನಲ್ಲಿ ಖ್ಯಾತಿ ಪಡೆದ ಇದು ಮೈಸೂರಿನ ಗಾಜಿನ ಕಪಾಟುಗಳಿಗೂ ಬಂದಿದೆ. ರುಚಿಯಲ್ಲಿ ಅದನ್ನು ಕೀಳೆನ್ನುವ ಅಗತ್ಯವಿಲ್ಲ. ಆದರೆ ಜಿಐ ಅರ್ಜಿಯಲ್ಲಿ ‘ಮೈಸೂರು ಪಾಕ್ ಎಂದರೆ ಇಂಥದ್ದು’ ಎಂದು ಬರೆಯುವಾಗ ಯಾವುದನ್ನು ಬರೆಯುವುದು? ಎರಡನ್ನೂ ಸೇರಿಸಿದರೆ ಬೇರೆಡೆಯದಕ್ಕಿಂತ ನಮ್ಮದು ಭಿನ್ನ ಎಂಬ ವಾದವೇ ಕುಸಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ತೂತು, ಕಂದು ಪಟ್ಟೆ, ಮುರಿದರೆ ಗರಿಗರಿ ಎನ್ನುವ ಗಟ್ಟಿ ಬಗೆಯನ್ನೇ ನೆಚ್ಚಬೇಕು. ಬಿಸಿ ತುಪ್ಪದ ತಂತ್ರದ ಗುರುತು ಅದರ ಮೈಮೇಲೇ ಇದೆ.

ಸಕ್ಕರೆಯ ಕಥೆಯೂ ಈ ಸೀಮೆಯದೇ. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ನಯವಾದ ಬಿಳಿ ಸಕ್ಕರೆಯ ಬಗ್ಗೆ ಬರೆದಿದ್ದಾನೆ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿ ರೈತರ ಬೆಲ್ಲವನ್ನು ಶುದ್ಧಿ ಮಾಡಿ ಸಕ್ಕರೆ ತೆಗೆಯುತ್ತಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ ಮೇಲೆ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಒಂದೆಳೆ ಪಾಕ ತಿಳಿಯಾಗಿ ನಿಲ್ಲಬೇಕಾದರೆ ಬಿಳಿ ಸಕ್ಕರೆಯೇ ಬೇಕು, ಬೆಲ್ಲದಲ್ಲಿ ಈ ಜಾಲರಿ ಹೀಗೆ ಬರುವುದಿಲ್ಲ. ಅರಮನೆಯಲ್ಲಿ ಹುಟ್ಟಿದ ಸಿಹಿ ಊರಿನ ಎಲ್ಲರ ಕೈಗೆಟುಕಲು ಅಗ್ಗದ ಸಕ್ಕರೆ ಬೇಕಿತ್ತು. ಊರಿಗೂ ಪದಾರ್ಥಕ್ಕೂ ಇರುವ ನಂಟನ್ನು ಕಾಯ್ದೆ ಕೇಳುತ್ತದಲ್ಲ, ಅದಕ್ಕೆ ಉತ್ತರ ಮಂಡ್ಯದ ಗದ್ದೆಯಲ್ಲೂ ಇದೆ.

ಮದ್ದೂರು ವಡೆಯದು ಇದಕ್ಕೆ ಎದುರಾದ ಸ್ಥಿತಿ. ಹೆಸರು ಬಹಳ ಹಳೆಯದು, ವಸ್ತು ಹೊಸದು. ಸಂಸ್ಕೃತದ ವಟಕ, ನಮ್ಮ ವಡೆ ಎಂದರೆ ಉದ್ದು ಮೊದಲಾದ ಬೇಳೆ ಅರೆದು ಕರಿದದ್ದು. ಮದ್ದೂರು ವಡೆಯಲ್ಲಿ ಬೇಳೆಯೇ ಇಲ್ಲ. ಮದ್ದೂರು ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ರಾಮಚಂದ್ರ ಬುದ್ಯ ಅವರು 1917ರಲ್ಲಿ ಇದನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಪದಾರ್ಥಗಳೂ ಆ ಕಾಲಕ್ಕೆ ಒಪ್ಪುತ್ತವೆ: ಮೈದಾ, ಚಿರೋಟಿ ರವೆ ಎರಡೂ ಗೋಧಿ ಗಿರಣಿಯ ಉತ್ಪನ್ನಗಳು, ಗೋಧಿ ಈ ಸೀಮೆಯ ಮನೆಬೆಳೆಯಲ್ಲ. ಪ್ರಯಾಣಿಕರು ಕಿಟಕಿಯಿಂದ ಕೈಚಾಚಿ ಕೊಳ್ಳಲು, ಎಣ್ಣೆ ಇಳಿಯದ, ಚಟ್ನಿ ಬೇಡದ, ಸಂಜೆವರೆಗೂ ಕೆಡದ ತಿನಿಸು ಬೇಕಿತ್ತು.

ಒಂದು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಕಾಲು ಲೋಟ ಮೈದಾ, ಎರಡು ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಎರಡು ದೊಡ್ಡ ಚಮಚ ಕಾದ ತುಪ್ಪ ಅಥವಾ ಎಣ್ಣೆ. ಅಕ್ಕಿಹಿಟ್ಟು ಗರಿಗರಿ ಕೊಡುತ್ತದೆ, ರವೆ ಕಡಿದಾಗ ಬಿರಿಯುವಂತೆ ಮಾಡುತ್ತದೆ, ಮೈದಾ ಹಿಡಿದಿಡುತ್ತದೆ. ಈರುಳ್ಳಿಗೆ ಉಪ್ಪು ಹಾಕಿ ಮೊದಲೇ ಹಿಸುಕಿದರೆ ಅದರ ನೀರೇ ಮುಕ್ಕಾಲು ಪಾಲು ಸಾಕು. ನೀರು ಹೆಚ್ಚಾದರೆ ಎಣ್ಣೆ ಹೀರಿ ಮೆತ್ತಗಾಗುತ್ತದೆ. ಕಾದ ತುಪ್ಪ ಕಡಿಮೆಯಾದರೆ ಆರಿದ ಮೇಲೆ ಚಕ್ಕೆಯಂತೆ ಗಡುಸು. ಅಂಗೈ ಅಗಲ ತಟ್ಟಿ, ಮಧ್ಯಮ ಉರಿಯಲ್ಲಿ ತಾಳ್ಮೆಯಿಂದ ಕರಿಯಬೇಕು. ಉರಿ ಜೋರಾದರೆ ಈರುಳ್ಳಿ ಸೀದು ಒಳಗೆ ಹಸಿ ಉಳಿಯುತ್ತದೆ.

ಬರೆಯದೆ ಬಿಟ್ಟ ಅಡುಗೆ

ಗ್ರಂಥಗಳನ್ನು ನಂಬುವಾಗ ಇನ್ನೊಂದು ಎಚ್ಚರ ಬೇಕು. ಅವು ಅರಸರ, ಶ್ರೀಮಂತರ ಎಲೆಯ ಲೆಕ್ಕ. ಮಂಡ್ಯದ ಮನೆಯಲ್ಲಿ ದಿನವೂ ಬೇಯುವ ಮುದ್ದೆ, ಬಸ್ಸಾರು, ಉಪ್ಸಾರು ಅವುಗಳ ಕಣ್ಣಿಗೆ ಬಿದ್ದಂತಿಲ್ಲ. ರಾಗಿಯ ಘನತೆಗಾಗಿ ಕನಕದಾಸರು ರಾಮಧಾನ್ಯ ಚರಿತೆ ಬರೆಯಬೇಕಾಗಿ ಬಂತೆಂದರೆ ಆ ಕಾಲದ ತಾತ್ಸಾರ ಎಷ್ಟಿದ್ದಿರಬೇಕು! ಬರಹದಲ್ಲಿ ಇಲ್ಲದ್ದು ಇರಲೇ ಇಲ್ಲ ಎಂದು ತೀರ್ಮಾನಿಸುವುದು ರೈತರ ಅಡುಗೆಗೆ ಮಾಡುವ ಅನ್ಯಾಯ. ಇಂಥ ಅಡುಗೆಯ ದಾಖಲೆ ಹೆಸರಿನಲ್ಲೇ ಇರುತ್ತದೆ: ಕಾಳು ಸೊಪ್ಪು ಬೇಯಿಸಿ ಕಟ್ಟನ್ನು ಬಸಿದು ಮಾಡಿದ್ದು ಬಸ್ಸಾರು. ಮುದ್ದೆಯ ಹದವೂ ಪುಸ್ತಕಕ್ಕಿಂತ ಕೈಯಲ್ಲಿ ಉಳಿದ ವಿದ್ಯೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿಸುವುದು, ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು ಕಲಕದೆ ಐದಾರು ನಿಮಿಷ ಬೇಯಲು ಬಿಡುವುದು, ಆಮೇಲೆ ಕೋಲಿನಿಂದ ತಿರುವುವುದು. ಸುರಿದ ಕೂಡಲೇ ತಿರುವಿದರೆ ಗಂಟು ಕಟ್ಟಿ, ಗಂಟಿನೊಳಗೆ ಹಸಿ ಹಿಟ್ಟು ಉಳಿಯುತ್ತದೆ.

ಹಳೆಯ ಕೈಬರಹದ ಪುಸ್ತಕಗಳು ಈಗಲೂ ಮೈಸೂರು, ಮಂಡ್ಯದ ಮನೆಗಳ ಕಪಾಟಿನಲ್ಲಿವೆ. ಅವುಗಳನ್ನು ಓದುವಾಗ ಅಳತೆಯೇ ಮೊದಲ ತೊಡಕು. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ನಾಣ್ಯಗಳ ತೂಕ, ಅಂದರೆ ಸುಮಾರು 280 ಗ್ರಾಂ; ಪಕ್ಕಾ ಸೇರು 80 ತೊಲ, ಸುಮಾರು 930 ಗ್ರಾಂ. ಇನ್ನು ಪಾವು ಅಳೆಯುವ ಪಾತ್ರೆಯ ಲೆಕ್ಕ, ತೂಕದ್ದಲ್ಲ. ಒಂದು ಪಾವು ಕಡಲೆಹಿಟ್ಟೂ ಒಂದು ಪಾವು ಸಕ್ಕರೆಯೂ ತೂಕದಲ್ಲಿ ಒಂದೇ ಅಲ್ಲ, ಸಕ್ಕರೆ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ. ‘ಸಕ್ಕರೆ ಒಂದು ಸೇರು’ ಎಂಬ ಸಾಲನ್ನು ತಪ್ಪಾಗಿ ಓದಿದರೆ ಸಿಹಿ ಮೂರು ಪಟ್ಟಾಗುತ್ತದೆ. ಒಂದೇ ಪುಟದಲ್ಲಿ ಎರಡು ಮೂರು ಸಾಮಗ್ರಿಯ ಪ್ರಮಾಣ ಹೋಲಿಸಿ ನೋಡಿದರೆ ಯಾವ ಸೇರೆಂಬುದು ತಿಳಿದುಬಿಡುತ್ತದೆ.

ಮೈಸೂರಿನಲ್ಲಿ ತಾಳೆಗರಿಗಳನ್ನು ಕಾಪಾಡಿಕೊಂಡು ಬಂದ, 1891ರಲ್ಲಿ ಆರಂಭವಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯವಿದೆ. ಆಹಾರವನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಬಲ್ಲ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಚೆಲುವಾಂಬ ವಿಲಾಸದಲ್ಲಿದೆ. ಜಿಐ ಕೇಳುವ ಪುರಾವೆಯ ಎರಡು ಅರ್ಧಗಳೂ ಒಂದೇ ಊರಿನಲ್ಲಿವೆ ಎಂದಾಯಿತು. ಮಿಠಾಯಿ ಮಾಡುವವರು ಸಂಘ ಕಟ್ಟಿಕೊಂಡು ಕುಳಿತರೆ ಮೊದಲು ಆಗಬೇಕಾದ್ದು ಇಷ್ಟು: ಹಳೆಯ ಕಸುಬುದಾರರ ಬಾಣಲೆಯ ಪಕ್ಕ ನಿಂತು ಹಿಟ್ಟು, ಸಕ್ಕರೆ, ತುಪ್ಪ ಗ್ರಾಮಿನಲ್ಲಿ ತೂಗುವುದು, ಪಾಕದ ಕಾವು, ತುಪ್ಪ ಸುರಿಯುವಾಗಿನ ಕಾವು ಡಿಗ್ರಿಯಲ್ಲಿ ಬರೆಯುವುದು, ತಟ್ಟೆಯ ಆಳ ಅಳೆಯುವುದು, ಕೊಯ್ದ ತುಂಡಿನ ಅಡ್ಡಸೀಳಿನ ಚಿತ್ರ ತೆಗೆಯುವುದು, ಹಳೆಯ ಜಾಹೀರಾತು, ರಸೀದಿ, ದಸರಾ ವಸ್ತುಪ್ರದರ್ಶನದ ಕಾಗದ, ಅರಮನೆಯ ಉಗ್ರಾಣದ ಲೆಕ್ಕಗಳಲ್ಲಿ ‘ಮೈಸೂರು ಪಾಕ’ ಎಂಬ ಹೆಸರು ಮೊದಲು ಕಾಣುವ ತಾರೀಖನ್ನು ಹುಡುಕುವುದು. ಕಸುಬುದಾರರಲ್ಲಿ ಹಿರಿಯರು ಬದುಕಿರುವಾಗಲೇ ತೂಕದ ಕೆಲಸ ಮುಗಿಯಬೇಕು. ಕಾಗದ ಹುಡುಕುವ ಕೆಲಸಕ್ಕೆ ಇನ್ನಷ್ಟು ಕಾಲ ಹಿಡಿದರೂ ಚಿಂತೆಯಿಲ್ಲ.